ಹಳೆಯ ಉದ್ಯಾನದಲ್ಲಿ ಬಯಲೂ ವಿನ್ಯಾಸದ ಭಾಗವೇ

ಐತಿಹಾಸಿಕ ಸಾರ್ವಜನಿಕ ಉದ್ಯಾನಗಳ ಸಂರಕ್ಷಣೆಯೇ ನನ್ನ ವೃತ್ತಿ. ‘ಜಾಗ ಖಾಲಿ ಇದೆ, ಏನಾದರೂ ಮಾಡಿ’ ಎಂಬ ಬೇಡಿಕೆ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿಮೆ, ಕಾರಂಜಿ, ವ್ಯಾಯಾಮದ ಸಲಕರಣೆ, ಯಾವುದೇ ಬರಲಿ, ಎಲ್ಲರ ಕಣ್ಣು ಮೊದಲು ಬೀಳುವುದು ಹುಲ್ಲಿನ ಬಯಲಿನ ಮೇಲೆ. ಅದು ಮಿಕ್ಕುಹೋದ ಜಾಗವಲ್ಲ, ವಿನ್ಯಾಸಕಾರರು ಬೇಕೆಂದೇ ಬಿಟ್ಟ ಜಾಗ ಎಂಬುದನ್ನು ಮನವರಿಕೆ ಮಾಡಿಕೊಡುವುದು ನನ್ನ ಕೆಲಸದ ದೊಡ್ಡ ಭಾಗ.

ಇದಕ್ಕೆ ನಾನು ಸಾಮಾನ್ಯವಾಗಿ ಕೊಡುವ ಉದಾಹರಣೆ, ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ರೂಪಿಸಿದ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್. ನಗರದ ಕಡೆಯಿಂದ ಬಂದವರು ಎಂಡೇಲ್ ಆರ್ಚ್ ಎಂಬ ಕಮಾನಿನ ಮಬ್ಬುಗತ್ತಲನ್ನು ದಾಟಿದೊಡನೆ ‘ಲಾಂಗ್ ಮೆಡೋ’ ಎಂಬ ವಿಶಾಲ ಹುಲ್ಲುಗಾವಲು ಎದುರಾಗುತ್ತದೆ. ಅದರ ಅಂಚುಗಳು ಬಾಗಿ ಸಾಗುವುದರಿಂದಲೂ ಮರಗಳ ಗುಂಪುಗಳು ಕೊನೆಯನ್ನು ಮರೆಮಾಡುವುದರಿಂದಲೂ ಬಯಲಿಗೆ ಕೊನೆಯೇ ಇಲ್ಲವೆನಿಸುತ್ತದೆ. ಅದರ ನಡುವೆ ಸದುದ್ದೇಶದಿಂದಲೇ ಒಂದು ಸಾಲು ಮರ ನೆಟ್ಟರೂ ಆ ಅನುಭವ ಅಲ್ಲಿಗೇ ತುಂಡಾಗುತ್ತದೆ. ಇದೇ ಜೋಡಿ 1858ರಲ್ಲಿ ಗೆದ್ದ ಸೆಂಟ್ರಲ್ ಪಾರ್ಕ್ ಯೋಜನೆಯಲ್ಲಿ, ವಾಹನಗಳು ನೋಟವನ್ನು ಕೆಡಿಸಬಾರದೆಂದು ನಾಲ್ಕು ಅಡ್ಡರಸ್ತೆಗಳನ್ನು ನೆಲಮಟ್ಟದಿಂದ ಕೆಳಗಿಳಿಸಿತ್ತು.

ನೆಲದ ಏರಿಳಿತವನ್ನೂ ಹೀಗೆಯೇ ಓದಬೇಕು. 1847ರಲ್ಲಿ ತೆರೆದ ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್‌ಗಾಗಿ ಜೋಸೆಫ್ ಪ್ಯಾಕ್ಸ್‌ಟನ್ ಜೌಗು ನೆಲದ ನೀರು ಬಸಿಯುವಂತೆ ಮಾಡಿ, ಕೆರೆ ತೋಡಿದ ಮಣ್ಣಿನಿಂದ ದಿಬ್ಬಗಳನ್ನು ಕಟ್ಟಿಸಿದರು. ಸಹಜವೆಂದು ಕಾಣುವ ಇಂಥ ದಿಬ್ಬಗಳನ್ನು ದಾರಿ ಅಗಲಗೊಳಿಸಲೆಂದು ಕಡಿದರೆ ನೋಟದ ಜೊತೆಗೆ ನೀರಿನ ಹರಿವೂ ಕೆಡಬಹುದು. ಹಾಗಾಗಿ ಹಳೆಯ ನಕ್ಷೆ, ಛಾಯಾಚಿತ್ರ ಮತ್ತು ಚರಂಡಿಗಳ ಜಾಡು ಸಿಗುವ ತನಕ ನಾನು ಗುದ್ದಲಿ ಹಾಕಲು ಒಪ್ಪುವುದಿಲ್ಲ.

ಅತ್ಯಂತ ಕಠಿಣವಾದ ಪ್ರಶ್ನೆ ಮರಗಳದ್ದು. ಐತಿಹಾಸಿಕ ಉದ್ಯಾನಗಳಿಗಾಗಿ 1981ರಲ್ಲಿ ಸಿದ್ಧವಾದ ಫ್ಲಾರೆನ್ಸ್ ಸನ್ನದು ಅವುಗಳನ್ನು ಜೀವಂತ ಸ್ಮಾರಕಗಳೆಂದು ಪರಿಗಣಿಸುತ್ತದೆ; ಸಸ್ಯಗಳು ನಶಿಸುವಂಥವು, ಮತ್ತೆ ನೆಡಬಹುದಾದಂಥವು ಎಂದು ಒಪ್ಪಿಕೊಂಡು, ಸಕಾಲದಲ್ಲಿ ಬದಲಿ ಗಿಡ ನೆಡುವುದರ ಜೊತೆಗೆ ದೀರ್ಘಾವಧಿಯ ನವೀಕರಣ ಯೋಜನೆಯೂ ಬೇಕೆನ್ನುತ್ತದೆ. ಮರ ಬಿದ್ದ ಕಡೆಯಲ್ಲೆಲ್ಲ ಕೂಡಲೇ ಹೊಸ ಸಸಿ ನೆಡಬೇಕೆಂಬ ಸಾರ್ವಜನಿಕರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೂ ಬಿದ್ದದ್ದು ಮೂಲ ವಿನ್ಯಾಸದ ಮರವೋ, ಆರೈಕೆ ತಪ್ಪಿದ ಕಾಲದಲ್ಲಿ ತಾನಾಗಿ ಹುಟ್ಟಿದ್ದೋ ಎಂದು ಮೊದಲು ನೋಡುತ್ತೇನೆ. ಮೂಲದ್ದಾಗಿದ್ದರೆ ಅದೇ ಜಾತಿಯ ಸಸಿಯನ್ನು ಅದೇ ಸ್ಥಳದಲ್ಲಿ ನೆಡಲು ಶಿಫಾರಸು ಮಾಡುತ್ತೇನೆ. ತಾನಾಗಿ ಹುಟ್ಟಿ ನೋಟಕ್ಕೆ ಅಡ್ಡ ನಿಂತಿದ್ದ ಮರವಾಗಿದ್ದರೆ ಆ ಜಾಗವನ್ನು ತೆರವಾಗಿಯೇ ಬಿಟ್ಟು, ಅದಕ್ಕೆ ಕಾರಣವನ್ನು ಕಡತದಲ್ಲಿ ಬರೆದಿಡುತ್ತೇನೆ.