ಟವರ್ ಕ್ರೇನ್ ಕೆಲಸದಲ್ಲಿರುವಾಗ

ಬೆಂಗಳೂರಿನಲ್ಲಿ ಟವರ್ ಕ್ರೇನ್ ಕಾಣದ ದಿಕ್ಕು ಈಗ ಇಲ್ಲವೆಂದೇ ಹೇಳಬೇಕು. ಹೆಬ್ಬಾಳದಿಂದ ಥಣಿಸಂದ್ರದ ಕಡೆ ಹೊರಟರೂ, ಸರ್ಜಾಪುರ ರಸ್ತೆ ಹಿಡಿದರೂ, ವೈಟ್‌ಫೀಲ್ಡಿನ ಯಾವುದಾದರೂ ತಾರಸಿ ಹತ್ತಿ ನಿಂತರೂ ಆಕಾಶಕ್ಕೆ ಚಾಚಿದ ನಾಲ್ಕಾರು ತೋಳುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಚಿತ್ರಗಳಿಗೂ ಕೊರತೆಯಿಲ್ಲ. ಆದರೆ ಹೆಚ್ಚಿನವು ಸಂಜೆಗೆಂಪಿನ ಮುಂದೆ ಕಪ್ಪಗೆ ನಿಂತ ಆಕೃತಿಗಳು. ನೋಡಲು ಚೆನ್ನಾಗಿರುತ್ತವೆ ನಿಜ, ಆದರೆ ಆ ಯಂತ್ರ ಏನು ಮಾಡುತ್ತಿದೆ, ಯಾರಿಗಾಗಿ ಮಾಡುತ್ತಿದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಕೆಲವು ವರ್ಷಗಳಿಂದ ನಾನು ಕ್ರೇನುಗಳು ದುಡಿಯುತ್ತಿರುವಾಗಲೇ ಅವುಗಳ ಚಿತ್ರ ತೆಗೆಯುತ್ತ ಬಂದಿದ್ದೇನೆ. ಕ್ರೇನಿನ ಒಳ್ಳೆಯ ಚಿತ್ರವೆಂದರೆ ಮೂಲತಃ ಅದು ಎತ್ತುತ್ತಿರುವ ಭಾರದ ಚಿತ್ರ ಎಂಬುದು ನನ್ನ ನಂಬಿಕೆ.

ಹಾಗಾಗಿ ಕ್ಯಾಮೆರಾಕ್ಕಿಂತ ಮೊದಲು ಯಂತ್ರದ ಲೆಕ್ಕವನ್ನು ಅರಿತುಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕ್ರೇನಿನಲ್ಲಿ ಮುಂದಕ್ಕೆ ಚಾಚಿದ ಉದ್ದನೆಯ ಜಿಬ್, ಹಿಂದಕ್ಕೆ ಚಾಚಿದ ಗಿಡ್ಡ ತೋಳು, ಆ ಗಿಡ್ಡ ತೋಳಿನ ತುದಿಯಲ್ಲಿ ಕಾಂಕ್ರೀಟ್ ದಿಮ್ಮಿಗಳ ಹಿಂಭಾರ ಇರುತ್ತವೆ. ಹಳ್ಳಿಯ ಬಾವಿಯ ಮೇಲಿನ ಏತವನ್ನು ಕಂಡವರಿಗೆ ಈ ತೂಕದ ಹಂಚಿಕೆ ಹೊಸದೆನಿಸದು. ಜಿಬ್‌ನ ಕೆಳಗೆ ಟ್ರಾಲಿ ಓಡಾಡುತ್ತದೆ, ಟ್ರಾಲಿಯಿಂದ ಹುಕ್ ಇಳಿಬಿದ್ದಿರುತ್ತದೆ. ಟ್ರಾಲಿ ಕಂಬದಿಂದ ದೂರ ಸರಿದಷ್ಟೂ ಕ್ರೇನ್ ಎತ್ತಬಲ್ಲ ತೂಕ ಕಡಿಮೆಯಾಗುತ್ತ ಹೋಗುತ್ತದೆ. ಟಿಸಿ 6013 ಎಂಬ ಹೆಸರಿನ ಕ್ರೇನುಗಳಲ್ಲಿ ಈ ಮಿತಿ ಹೆಸರಿನಲ್ಲೇ ಅಡಗಿದೆ: ಜಿಬ್‌ನ ಉದ್ದ 60 ಮೀಟರ್, ಅದರ ತುದಿಯಲ್ಲಿ ಎತ್ತಬಹುದಾದದ್ದು 1.3 ಟನ್. ಕಂಬದ ಹತ್ತಿರ ಅದೇ ಕ್ರೇನ್ ಇದರ ಹಲವು ಪಟ್ಟು ತೂಕವನ್ನು ಎತ್ತುತ್ತದೆ. ಛಾಯಾಗ್ರಾಹಕನಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ತಿಳಿವಳಿಕೆ. ಕೆಳಗೆ ಸ್ಲಿಂಗ್ (ಭಾರವನ್ನು ಹುಕ್‌ಗೆ ತೂಗುಹಾಕುವ ಹಗ್ಗ ಅಥವಾ ಪಟ್ಟಿ) ಹಾಕುತ್ತಿರುವುದು ಕಬ್ಬಿಣದ ಕಂಬಿಗಳ ದೊಡ್ಡ ಕಟ್ಟೋ, ಒಂದೆರಡು ಪ್ಲೈವುಡ್ ಹಲಗೆಗಳೋ ಎಂದು ನೋಡಿಕೊಂಡರೆ, ಹುಕ್ ಯಾವ ದೂರದವರೆಗೆ ಸಾಗಬಲ್ಲದು, ಚೌಕಟ್ಟಿನಲ್ಲಿ ಜಾಗವನ್ನು ಯಾವ ಕಡೆ ಬಿಟ್ಟುಕೊಂಡು ಕಾಯಬೇಕು ಎಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು.

ನನಗೆ ಅತ್ಯಂತ ಇಷ್ಟವಾದ ಕ್ಷಣ ಭಾರ ನೆಲ ಬಿಡುವ ಕ್ಷಣ. ಹುಕ್ ಖಾಲಿ ಇರುವಾಗ ಕಂಬವು ಹಿಂಭಾರದ ಕಡೆಗೆ ತುಸು ವಾಲಿರುತ್ತದೆ. ಸ್ಲಿಂಗ್ ಬಿಗಿಯಾಗಿ ತೂಕ ಹಗ್ಗಕ್ಕೆ ಬಂದಾಗ ಜಿಬ್‌ನ ತುದಿ ತಗ್ಗುತ್ತದೆ, ಕಂಬ ಮುಂದಕ್ಕೆ ಬರುತ್ತದೆ, ಕಂಬಿಗಳ ಕಟ್ಟು ನೆಲ ಬಿಡುತ್ತಲೇ ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಇದು ದೋಷವಲ್ಲ, ಆ ಉಕ್ಕಿನ ಜಾಲಂದ್ರವನ್ನು ಬಾಗುವುದಕ್ಕೆಂದೇ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಎತ್ತುವ ಮುಂಚೆ ಒಂದು, ಎತ್ತಿದ ಮೇಲೆ ಒಂದು ಚಿತ್ರ ತೆಗೆದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಬರಿಗಣ್ಣಿಗೆ ಗಟ್ಟಿಯಾಗಿ ನಿಂತಂತೆ ಕಾಣುವ ಕಂಬ ಎಷ್ಟು ಓಲಾಡಿದೆ ಎಂಬುದು ಸ್ಪಷ್ಟವಾಗುತ್ತದೆ.

ದೂರದಿಂದ ನೋಡುವವರಿಗೆ ಕ್ರೇನ್ ನಿಧಾನವಾಗಿ ತಿರುಗುತ್ತಿದೆ ಎನಿಸುತ್ತದೆ. ಒಂದು ಪೂರ್ತಿ ಸುತ್ತಿಗೆ ಅದು ಒಂದು ನಿಮಿಷಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುವುದೂ ಹೌದು. ಆದರೆ 60 ಮೀಟರ್ ಉದ್ದದ ಜಿಬ್‌ನ ತುದಿ ಅಷ್ಟರಲ್ಲಿ ಕ್ರಮಿಸುವ ಸುತ್ತಳತೆ ಸುಮಾರು 377 ಮೀಟರ್; ಅಂದರೆ ಪೂರ್ಣ ವೇಗದಲ್ಲಿ ಆ ತುದಿ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಚಲಿಸುತ್ತಿರುತ್ತದೆ. 200 ಎಂಎಂ ಲೆನ್ಸಿನಲ್ಲಿ ಆ ತುದಿಯನ್ನೋ ತೂಗುತ್ತಿರುವ ಭಾರವನ್ನೋ ಹಿಡಿಯಬೇಕಾದರೆ ಶಟರ್ ವೇಗ 1/500 ಸೆಕೆಂಡಿಗಿಂತ ಕಡಿಮೆ ಇರಬಾರದು. ಇದಕ್ಕೆ ತದ್ವಿರುದ್ಧವಾದ ದಾರಿಯೂ ಒಂದಿದೆ. ಕತ್ತಲಾಗುವ ಹೊತ್ತಿನಲ್ಲಿ ಹತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಕಂಬ ಚೂಪಾಗಿ ಮೂಡುತ್ತದೆ, ಜಿಬ್ ಸುಮಾರು 40 ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ, ಅದರ ತುದಿಯ ಕೆಂಪು ದೀಪ ಬಿಲ್ಲಿನಾಕಾರದ ಗೆರೆ ಎಳೆಯುತ್ತದೆ. ತಿರುಗುವಿಕೆಯನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಲು ಇದಕ್ಕಿಂತ ಪ್ರಾಮಾಣಿಕವಾದ ಕ್ರಮ ನನಗೆ ತಿಳಿದಿಲ್ಲ.

ಬೆಳಕಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಡುಮಧ್ಯಾಹ್ನ ಕಾಂಕ್ರೀಟಿನಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಲೆನ್ಸಿನ ಚಿತ್ರಗಳು ಕಲಕಿಹೋಗುತ್ತವೆ. ಬೆಳಿಗ್ಗೆ ಒಂಬತ್ತರೊಳಗಿನ ಹೊತ್ತು ಒಳ್ಳೆಯದು. ಮೋಡ ಕವಿದ ಬಿಳಿ ಆಕಾಶದ ಮುಂದೆ ಕ್ಯಾಮೆರಾ ಹೇಳುವುದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು, ಬೆಳಕು ಕೊಟ್ಟರೆ ಕ್ರೇನಿನ ಬಣ್ಣ ಉಳಿಯುತ್ತದೆ.

ಮನುಷ್ಯರಿಲ್ಲದೆ ಈ ಚಿತ್ರಗಳು ಪೂರ್ಣವಾಗುವುದಿಲ್ಲ. ಆಪರೇಟರ್ ಬೆಳಿಗ್ಗೆ ಕಂಬದೊಳಗಿನ ಏಣಿ ಹತ್ತಿ ಕ್ಯಾಬಿನ್ ಸೇರುತ್ತಾರೆ. ಕಟ್ಟಡದ ಮರೆಯಲ್ಲಿ ಇಳಿಸಬೇಕಾದ ಭಾರ ಅವರ ಕಣ್ಣಿಗೇ ಕಾಣುವುದಿಲ್ಲವಾದ್ದರಿಂದ, ವಾಕಿಟಾಕಿ ಹಿಡಿದ ಸಿಗ್ನಲ್‌ಮ್ಯಾನ್ ಹೇಳಿದ ಮಾತಿನ ಮೇಲೆಯೇ ಅವರ ಕೈ ನಡೆಯುತ್ತದೆ. ರಿಗ್ಗರ್ ಸ್ಲಿಂಗ್ ಹಾಕಿ, ಭಾರ ಗಿರಗಿರನೆ ತಿರುಗದಂತೆ ಅದಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ನಡೆಯುತ್ತಾರೆ. ಆ ಹಗ್ಗ, ಅದನ್ನು ಹಿಡಿದ ಕೈ, ಮೇಲಕ್ಕೆತ್ತಿದ ಮುಖ, ಇವು ಒಟ್ಟಿಗೆ ಒದಗುವುದಕ್ಕಾಗಿ ನಾನು ಬಹಳ ಹೊತ್ತು ಕಾಯುತ್ತೇನೆ. ಈಗ ಅನೇಕ ಎತ್ತರದ ಕಟ್ಟಡಗಳಲ್ಲಿ ಕಾಂಕ್ರೀಟ್ ಹೊಯ್ಯಲು ಅಲ್ಯೂಮಿನಿಯಂ ಅಚ್ಚುಗಳು ಬಂದಿವೆ. ಅವನ್ನು ಕೆಲಸಗಾರರು ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿಯ ಮೂಲಕ ಕೈಯಿಂದ ಕೈಗೆ ಮೇಲಿನ ಮಹಡಿಗೆ ದಾಟಿಸುತ್ತಾರೆ, ಕಾಂಕ್ರೀಟನ್ನು ಪಂಪು ಮೇಲೇರಿಸುತ್ತದೆ. ಹೀಗಾಗಿ ಅಂಥ ಕಡೆ ಕ್ರೇನಿನ ಪಾಲಿಗೆ ಉಳಿಯುವುದು ಮುಖ್ಯವಾಗಿ ಕಂಬಿಯ ಕೆಲಸ. ಗೋಡೆಯ ಹಲಗೆಗಳನ್ನೇ ಎರಕ ಹೊಯ್ದು ತಂದು ಜೋಡಿಸುವ ಸೈಟುಗಳಲ್ಲಿ ಮಾತ್ರ ಹುಕ್‌ಗೆ ಬಿಡುವೇ ಇರುವುದಿಲ್ಲ. ಚಿತ್ರಕ್ಕೆ ನಾನು ಆರಿಸಿಕೊಳ್ಳುವುದು ಅಂಥ ಸೈಟುಗಳನ್ನೇ.

ಕ್ರೇನ್ ತನ್ನನ್ನು ತಾನೇ ಎತ್ತರಿಸಿಕೊಳ್ಳುವ ದಿನ ಸಿಕ್ಕರೆ ಬೇರೆಲ್ಲ ಕೆಲಸ ಬಿಟ್ಟು ಹೋಗಬೇಕು. ಕಂಬವನ್ನು ಸುತ್ತುವರಿದ ಚೌಕಟ್ಟೊಂದನ್ನು ತಿರುಗುವ ಭಾಗದ ಕೆಳಕ್ಕೆ ಬಿಗಿಯುತ್ತಾರೆ. ಟ್ರಾಲಿಯನ್ನು ಲೆಕ್ಕದ ಜಾಗದಲ್ಲಿ ನಿಲ್ಲಿಸಿ, ಹಲವು ವೇಳೆ ಹುಕ್‌ಗೆ ಒಂದು ತೂಕವನ್ನೂ ತೂಗುಹಾಕಿ, ಹಿಂದು ಮುಂದಿನ ಭಾರವನ್ನು ಸರಿದೂಗಿಸುತ್ತಾರೆ. ಆ ಮೇಲೆ ಜಿಬ್ ತಿರುಗುವಂತಿಲ್ಲ. ಬೋಲ್ಟುಗಳನ್ನು ಬಿಚ್ಚಿ ಹೈಡ್ರಾಲಿಕ್ ಜ್ಯಾಕಿನಿಂದ ಮೇಲಿನ ಇಡೀ ಭಾಗವನ್ನು ಒತ್ತಿದಾಗ ಕಂಬದ ನಡುವೆ ತೆರಪು ಬಿಟ್ಟುಕೊಳ್ಳುತ್ತದೆ. ಜಿಬ್, ಹಿಂಭಾರ, ಕ್ಯಾಬಿನ್ ಎಲ್ಲವೂ ಚೌಕಟ್ಟಿನ ಆಸರೆಯಲ್ಲೇ ನಿಂತಿರುವ ಆ ಹೊತ್ತಿನಲ್ಲಿ, ತೆರಪಿನ ಮೂಲಕ ಆಚೆಯ ಆಕಾಶ ಕಾಣುತ್ತದೆ. ಕಂಬದ ಹೊಸ ತುಂಡನ್ನು ಪಕ್ಕದಿಂದ ಒಳಕ್ಕೆ ತಳ್ಳಿ ಬೋಲ್ಟು ಹಾಕಿದರೆ ಕ್ರೇನ್ ಒಂದು ತುಂಡಿನಷ್ಟು ಬೆಳೆದಂತಾಯಿತು. ಕ್ರೇನಿನ ಬಾಳಿನಲ್ಲಿ ಅತ್ಯಂತ ಅಪಾಯದ ಘಟ್ಟಗಳಲ್ಲಿ ಇದೂ ಒಂದು. ಆದ್ದರಿಂದ ಈ ಚಿತ್ರವನ್ನು ದೂರದ ತಾರಸಿಯಿಂದಲೇ ತೆಗೆಯಬೇಕು; ಕೆಳಗೆ ಹೋಗಿ ನಿಲ್ಲುವುದಾಗಲಿ, ಕೆಲಸಗಾರರನ್ನು ಮಾತನಾಡಿಸುವುದಾಗಲಿ ತರವಲ್ಲ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುಂಚಿನ ಗಾಳಿಯಲ್ಲಿ ಇನ್ನೊಂದು ದೃಶ್ಯ ಸಿಗುತ್ತದೆ. ಗಾಳಿ ಮಿತಿ ಮೀರುವಂತೆ ಕಂಡರೆ ಕೆಲಸ ನಿಲ್ಲಿಸಿ, ತಿರುಗುವ ಭಾಗದ ಬ್ರೇಕನ್ನು ಬಿಟ್ಟು ಆಪರೇಟರ್ ಇಳಿದುಬರುತ್ತಾರೆ. ಜಿಬ್ ಗಾಳಿಗೆ ಎದುರು ನಿಲ್ಲದೆ ಅದು ಬೀಸುವ ದಿಕ್ಕಿಗೇ ತಿರುಗಿಕೊಳ್ಳಲಿ ಎಂಬುದು ಇದರ ಉದ್ದೇಶ. ಸ್ವಲ್ಪ ಹೊತ್ತಿನಲ್ಲಿ ಬಡಾವಣೆಯ ಅಷ್ಟೂ ಕ್ರೇನುಗಳು ಒಂದೇ ಕಡೆ ಮುಖ ಮಾಡಿರುತ್ತವೆ. ಅಡ್ಡಾದಿಡ್ಡಿ ಚಾಚಿದ ತೋಳುಗಳ ಬೆಳಗಿನ ಚಿತ್ರದ ಪಕ್ಕದಲ್ಲಿ ಇದನ್ನು ಇಟ್ಟರೆ, ಕೆಲಸದಲ್ಲಿರುವ ಕ್ರೇನಿಗೂ ಬಿಡುವಿನಲ್ಲಿರುವ ಕ್ರೇನಿಗೂ ಇರುವ ವ್ಯತ್ಯಾಸ ಮಾತಿಲ್ಲದೆ ತಿಳಿಯುತ್ತದೆ.

ಸೈಟಿನೊಳಗೆ ಹೋಗಬೇಕಾದರೆ ಸೇಫ್ಟಿ ಆಫೀಸರರ ಅನುಮತಿ, ಹೆಲ್ಮೆಟ್ಟು, ಶೂ, ಮಿನುಗುವ ಜಾಕೆಟ್ಟು ಬೇಕೇ ಬೇಕು. ಮುಖ ಗುರುತು ಸಿಗುವಂತೆ ಚಿತ್ರ ತೆಗೆಯುವ ಮುನ್ನ ಆ ಕೆಲಸಗಾರರನ್ನೂ ಕೇಳಬೇಕು. ಡ್ರೋನ್ ಮಾತ್ರ ಬೇಡ. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು 2021ರ ಡ್ರೋನ್ ನಿಯಮಗಳು ಗುರುತಿಸುವ ವಲಯಗಳ ಪ್ರಶ್ನೆ ಹಾಗಿರಲಿ, ಭಾರ ಎತ್ತುತ್ತಿರುವ ಆಪರೇಟರ್‌ನ ಗಮನವನ್ನು ಕ್ಷಣಕಾಲ ಬೇರೆಡೆ ಸೆಳೆಯುವುದೂ ಅಕ್ಷಮ್ಯ.

ಕಟ್ಟಡ ಮುಗಿದ ಮೇಲೆ ಹೊರಬದಿಯಲ್ಲಿ ನಿಂತ ಕ್ರೇನ್ ಹತ್ತಿದ ಕ್ರಮದಲ್ಲೇ ಹಿಂದುಹಿಂದಾಗಿ ಕೆಳಗಿಳಿಯುತ್ತದೆ. ಕಟ್ಟಡ ಅಡ್ಡವಿರುವುದರಿಂದ ಇಳಿಯುವಷ್ಟು ಕಾಲವೂ ಜಿಬ್ ಗೋಡೆಗೆ ಸಮಾನಾಂತರವಾಗಿಯೇ ಇರಬೇಕು. ತಗ್ಗಿಗೆ ಬಂದ ಮೇಲೆ ಉಳಿದದ್ದನ್ನು ಮೊಬೈಲ್ ಕ್ರೇನ್ ಬಿಚ್ಚಿ ಇಳಿಸುತ್ತದೆ: ಮೊದಲು ಹಿಂಭಾರದ ಕೆಲವು ದಿಮ್ಮಿಗಳು, ಆಮೇಲೆ ಜಿಬ್, ಅನಂತರ ಉಳಿದ ದಿಮ್ಮಿಗಳು. ಈ ಕ್ರಮ ಗೊತ್ತಿದ್ದುದರಿಂದ ನಾನು ರಸ್ತೆಯ ಆಚೆ ಬದಿಯಲ್ಲಿ ಅಗಲದ ಲೆನ್ಸ್ ಹಾಕಿಕೊಂಡು ಜಿಬ್‌ನ ಸರದಿಗೆ ಕಾಯುತ್ತೇನೆ. ಅದರ ನಿಜವಾದ ಉದ್ದ, ನೆಲಕ್ಕಿಳಿದು ಬಿಚ್ಚುವವರ ಪಕ್ಕದಲ್ಲಿ ಮಲಗಿದಾಗ ಮಾತ್ರ ಚಿತ್ರದಲ್ಲಿ ಅಳತೆಗೆ ಸಿಗುತ್ತದೆ.