ಕೀಲ್ ಎತ್ತುವ ತಂತಿಹಗ್ಗ ತುಂಡಾದಾಗ

ಬಾಗಲಕೋಟೆಯ ಹಿನ್ನೀರಿನಲ್ಲಿ ಹಾಯಿದೋಣಿ ನಡೆಸುವವನು ಹಾಯಿಗಿಂತ ಹೆಚ್ಚಾಗಿ ಕೀಲಿನ ಮೇಲೆ ಗಮನವಿಡಬೇಕಾಗುತ್ತದೆ. ಗಾಳಿ ಹಾಯಿಯನ್ನು ಒತ್ತಿದಾಗ ದೋಣಿ ಮಗುಚದಂತೆ, ಪಕ್ಕಕ್ಕೆ ಜಾರದಂತೆ ತಡೆಯುವುದು ಅಡಿಯಲ್ಲಿರುವ ಈ ಭಾರವಾದ ಹಲಗೆಯೇ. ನನ್ನ ದೋಣಿಯ ಕೀಲ್ ಸುಮಾರು 250 ಕಿಲೋ ತೂಕದ ಬೀಡುಕಬ್ಬಿಣದ ದಪ್ಪ ಹಲಗೆ. ಅದರ ಮುಂಭಾಗದ ಮೇಲ್ತುದಿ ಒಂದು ಪಿನ್ನಿನಲ್ಲಿ ತೂಗಿದ್ದು, ಹಿಂಬದಿಯನ್ನು ಒಂದು ತಂತಿಹಗ್ಗ ಹಿಡಿದಿರುತ್ತದೆ. ಹಗ್ಗ ಸುತ್ತಿ ಎಳೆಯುವ ವಿಂಚ್ ತಿರುಗಿಸಿದರೆ ಕೀಲ್ ಹಿಂದಕ್ಕೆ ಮಡಚಿ ದೋಣಿಯ ಹೊಟ್ಟೆ ಸೇರುತ್ತದೆ. ಇಳಿಸಿದಾಗ ದೋಣಿಗೆ ಒಂದೂವರೆ ಮೀಟರ್ ನೀರು ಬೇಕು, ಎತ್ತಿದಾಗ 60 ಸೆಂಟಿಮೀಟರ್ ಸಾಕು. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿರುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ನೀರು ಇಳಿಯತೊಡಗಿದ ಮೇಲೆ ಮಾತ್ರ, ಮುಳುಗಿದ ಹಳೆಯ ಊರಿನ ಗೋಡೆಗಳ ಬುಡ, ಹೊಲದ ಬದು, ಜಾಲಿಯ ಬೊಡ್ಡೆ ಇವೆಲ್ಲ ಎಷ್ಟು ಆಳದಲ್ಲಿವೆ ಎಂದು ಮೇಲಿನಿಂದ ತಿಳಿಯುವುದಿಲ್ಲವಾದ್ದರಿಂದ, ಕೀಲ್ ಎತ್ತಲಾಗದ ದೋಣಿಯನ್ನು ದಡದತ್ತ ತರುವಂತಿಲ್ಲ.

ಬೇಸಿಗೆ ಕಾಲಿಡುವ ಹೊತ್ತಿಗೆ, ಘಟಪ್ರಭೆಯ ಕಡೆಯಿಂದ ಮರಳುವಾಗ, ಕೀಲ್ ಅರ್ಧ ಎದ್ದಿದ್ದಾಗಲೇ ನನ್ನ ದೋಣಿಯ ತಂತಿಹಗ್ಗ ತುಂಡಾಯಿತು. ಕೀಲ್ ಧಡಕ್ಕನೆ ಕೆಳಗೆ ಬಿದ್ದು ದೋಣಿಯಿಡೀ ಅದುರಿತು. ಇಂಥ ವೇಳೆ ಹಗ್ಗದ ಚಿಂತೆಯನ್ನು ಬದಿಗಿಟ್ಟು, ಪಿನ್ನಿನ ಆಸುಪಾಸು ಮತ್ತು ಹಗ್ಗ ಒಳಬರುವ ಕೊಳವೆಯ ಬುಡದಲ್ಲಿ ಬಿರುಕು ಬಿಟ್ಟು ನೀರು ಜಿನುಗುತ್ತಿದೆಯೇ ಎಂದು ಕೈಯಾಡಿಸಿ ನೋಡುವುದು ಮೊದಲ ಕೆಲಸ. ಅಲ್ಲಿ ಎಲ್ಲ ಒಣಗಿತ್ತು. ಆಳವಿದ್ದ ಕಡೆಯಲ್ಲೇ ಲಂಗರು ಇಳಿಸಿ, ಬಲೆ ಎತ್ತುತ್ತಿದ್ದ ಅಂಬಿಗರನ್ನು ಕೂಗಿ ಕರೆದೆ. ಅವರಲ್ಲೊಬ್ಬ ಮುಳುಗಿ, ಕೀಲಿನ ಹಿಂಬದಿಯ ಬಳೆಗೆ ನೈಲಾನ್ ಹಗ್ಗ ಕಟ್ಟಿ ಮೇಲೆ ಬಂದು, “ಗಂಟ ಬಿಗದೇನ್ರಿ ಅಣ್ಣಾರ, ಇನ್ನ ಜಗ್ಗ್ರಿ” ಎಂದ. ಹಗ್ಗವನ್ನು ದೋಣಿಯ ಹಿಂಭಾಗದ ಮೇಲಿಂದ ತಂದು, ಹಾಯಿಯ ಹಗ್ಗ ಬಿಗಿಯುವ ವಿಂಚಿಗೆ ಸುತ್ತಿ ಎಳೆದಾಗ ಕೀಲ್ ನಿಧಾನವಾಗಿ ಮಡಚಿಕೊಂಡಿತು. ಕೀಲ್ ಪೂರ್ತಿ ಇಳಿದು ನಿಂತಿರುವಾಗ ಮಾತ್ರ ಒಬ್ಬರನ್ನು ಹೀಗೆ ನೀರಿಗೆ ಇಳಿಸಬಹುದು. ಅದು ಅರ್ಧಕ್ಕೆ ಸಿಕ್ಕಿಕೊಂಡು ತೂಗುತ್ತಿದ್ದರೆ ಅದರ ಕೆಳಗೆ ಕೈಯನ್ನೂ ಹಾಕಬಾರದು.

ದಡದಲ್ಲಿ ಬೋರ್‌ವೆಲ್ ಮೋಟಾರ್ ಎತ್ತುವವರ ಮೂರು ಕಾಲಿನ ಕಂಬ ಮತ್ತು ಚೈನ್ ಪುಲ್ಲಿ ನೆರವಿಗೆ ಬಂದವು. ನೂರಾರು ಅಡಿ ಆಳದಿಂದ ಪೈಪು ಸಮೇತ ಮೋಟಾರ್ ಎತ್ತುವವರಿಗೆ ದೋಣಿಯ ಹಿಂಭಾಗ ಎತ್ತುವುದು ಹೆಚ್ಚಿನ ಕೆಲಸವಾಗಲಿಲ್ಲ. ಕೀಲನ್ನು ಮರದ ದಿಮ್ಮಿಗಳ ಮೇಲೆ ಇಳಿಸಿ ನೋಡಿದರೆ, ಹಗ್ಗ ತುಂಡಾಗಿದ್ದುದು ನಡುವೆ ಎಲ್ಲೂ ಅಲ್ಲ, ತುದಿಯ ಕುಣಿಕೆಯನ್ನು ಒತ್ತಿ ಹಿಡಿದಿರುವ, ಕೊಳವೆಯಂಥ ಲೋಹದ ತೋಳಿನ (ಸ್ಲೀವ್) ಅಂಚಿನಲ್ಲಿ. ಉಳಿದ ಉದ್ದವೆಲ್ಲ ಹೊಳೆಯುತ್ತಿತ್ತು.

ಇದನ್ನು ಕಂಡವರು ಇನ್ನೂ ದಪ್ಪನೆಯ ಹಗ್ಗ ಹಾಕಿಸಿ ಎಂದರು. ನನಗೆ ಅದು ಸರಿಕಾಣಲಿಲ್ಲ. ಐದು ಮಿಲಿಮೀಟರಿನ ಹೊಸ ಸ್ಟೇನ್‌ಲೆಸ್ ತಂತಿಹಗ್ಗ ತುಂಡಾಗಬೇಕಾದರೆ ಒಂದೂವರೆ ಟನ್ನಿನ ಆಸುಪಾಸಿನ ಎಳೆತ ಬೇಕು. ಇತ್ತ ಕೀಲಿನ ಅರ್ಧ ಭಾರವನ್ನು ಪಿನ್ನೇ ಹೊರುತ್ತದೆ, ಉಳಿದುದರಲ್ಲಿ ಸುಮಾರು ಏಳನೆಯ ಒಂದು ಪಾಲನ್ನು ನೀರು ಹೊರುತ್ತದೆ. ಹಗ್ಗವನ್ನು ಕೊಂದದ್ದು ಭಾರವಲ್ಲ, ತುಕ್ಕು ಮತ್ತು ಬಾಗು. ಸ್ಟೇನ್‌ಲೆಸ್ ಉಕ್ಕನ್ನು ಕಾಯುವ ತೆಳುಪದರ ಆಮ್ಲಜನಕ ಸಿಗುತ್ತಿರುವವರೆಗೆ ತಾನೇ ಮರಳಿ ಬೆಳೆಯುತ್ತದೆ, ಆದರೆ ತೋಳಿನೊಳಗೆ ನೀರು ನಿಂತು ಗಾಳಿ ಸೇರದ ಸಂದಿಯಲ್ಲಿ ಆ ಪದರ ಹೋದರೆ ಹೋಯಿತು. ಈ ದೋಣಿ ನನ್ನ ಕೈಗೆ ಬರುವ ಮೊದಲು ಸಮುದ್ರದಲ್ಲಿ ದುಡಿದದ್ದು. ಉಪ್ಪು ಅಲ್ಲಿಯೇ ಕೆಲಸ ಆರಂಭಿಸಿರಬೇಕು. ಸಾಲದ್ದಕ್ಕೆ ಆ ತೋಳು ಅಲ್ಯೂಮಿನಿಯಮ್ಮಿನದಾಗಿದ್ದು, ಉಕ್ಕಿನ ಜೊತೆಯಲ್ಲಿ ನೆನೆದು ಸುಣ್ಣದಂತೆ ಬೆಳ್ಳಗೆ ಉದುರುತ್ತಿತ್ತು. ದಪ್ಪ ಹಗ್ಗ ಹಾಕಿದರೆ ತುಕ್ಕು ತಪ್ಪುವುದಿಲ್ಲ, ಹಗ್ಗ ಹಾಯುವ ಚಿಕ್ಕ ಗಾಲಿಯ ಮೇಲೆ ಬಾಗುವ ಕಷ್ಟ ಮಾತ್ರ ಹೆಚ್ಚುತ್ತದೆ.

ಆದ್ದರಿಂದ ಅದೇ ದಪ್ಪದ, ಏಳು ಎಳೆಗಳ, ಎಳೆಗೆ 19 ತಂತಿಗಳಂತೆ ಒಟ್ಟು 133 ತಂತಿಗಳ ಮೆತ್ತನೆಯ ಹಗ್ಗವನ್ನೇ ತರಿಸಿದೆ. ಹಾಯಿಕಂಬವನ್ನು ನಿಲ್ಲಿಸುವ, ಬರೀ 19 ತಂತಿಗಳ ಬಿರುಸು ಹಗ್ಗ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಗಾಲಿಯ ಮೇಲೆ ಬಾಗುವ ಕೆಲಸಕ್ಕೆ ಅದು ಸಲ್ಲದು. ತುದಿಗೆ ತಾಮ್ರದ ತೋಳು, ಕುಣಿಕೆಯೊಳಗೆ ಉಕ್ಕಿನ ಬಳೆ ಹಾಕಿಸಿದೆ. ಸವೆದಿದ್ದ ಪಿನ್ನನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇತ್‌ಗೆ ಕೊಟ್ಟು ಹೊಸದಾಗಿ ಮಾಡಿಸಿದೆ. ಅಲ್ಲಿ ಅಳತೆ ಬರೆದುಕೊಟ್ಟರೆ ಸಾಕು, ದೋಣಿ ಎಂದರೇನು ಎಂದು ವಿವರಿಸುವ ಪ್ರಮೇಯವೇ ಬರುವುದಿಲ್ಲ.

ವಿಂಚಿನ ಉರುಳೆಗೆ ಸುತ್ತುವಾಗ ಹಗ್ಗ ಸಡಿಲವಿದ್ದರೆ, ಮುಂದೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತು ನಜ್ಜುಗುಜ್ಜಾಗುವುದರಿಂದ, ಒಬ್ಬರು ಬಿಗಿಯಾಗಿ ಎಳೆದು ಹಿಡಿದು ಇನ್ನೊಬ್ಬರು ಸುತ್ತಬೇಕು. ಕೀಲ್ ಪೂರ್ತಿ ಇಳಿದಾಗಲೂ ಉರುಳೆಯ ಮೇಲೆ ನಾಲ್ಕೈದು ಸುತ್ತು ಉಳಿಯಬೇಕು. ನಾನು ಅದಕ್ಕಿಂತ ಒಂದು ಮೀಟರ್ ಹೆಚ್ಚೇ ಬಿಟ್ಟಿದ್ದೇನೆ. ತೋಳಿನೊಳಗಿನ ತುಕ್ಕು ಯಾವ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ, ಪ್ರತಿ ಬೇಸಿಗೆಯಲ್ಲಿ ದೋಣಿ ದಡಕ್ಕೆ ಬಂದಾಗ ತುದಿಯ ಒಂದು ಗೇಣನ್ನು ಕತ್ತರಿಸಿ ಹೊಸ ತೋಳು ಹಾಕಿಸುವುದಕ್ಕೆ ಆ ಮೀಟರ್ ಸಾಕಾಗುತ್ತದೆ, ಅದು ಮುಗಿಯುವ ಹೊತ್ತಿಗೆ ಇಡೀ ಹಗ್ಗವನ್ನೇ ಬದಲಿಸುವ ಕಾಲವೂ ಬಂದಿರುತ್ತದೆ.