ಸಿನಿಮಾ ರಾತ್ರಿಗೆ ಏನು ಮಾಡ್ಲಿ ಅಂತ ಕೇಳುವವರಿಗೆ

“ಫ್ರೆಂಡ್ ಬರ್ತಿದ್ದಾರೆ, ಸಿನಿಮಾ ನೋಡ್ತೀವಿ. ಸುಮ್ನೆ ಏನಾದ್ರೂ ಸಿಂಪಲ್ಲಾಗಿರೋದು ಹೇಳಿ.”

ಮ್ಯಾಕರೋನಿ ಚೀಸ್ ಮಾಡಿ. ಉತ್ತರ ಮುಗೀತು. ನನ್ನ ತಕರಾರಿರೋದು ಆ ‘ಸುಮ್ನೆ’ ಮೇಲೆ. ಸುಮ್ನೆ ಮಾಡಿದ ಮ್ಯಾಕರೋನಿ ಚೀಸ್ ಅಂದರೆ ತರಿತರಿ ಸಾಸು, ಅದರ ಮೇಲೆ ತೇಲುವ ಜಿಡ್ಡು. ಆಮೇಲೆ “ನೀವು ಹೇಳಿದ್ದು ಒಡೆದುಹೋಯ್ತು” ಅಂತ ದೂರು ಬೇರೆ. ಒಲೆ ಆರಿಸದೆ ಚೀಸ್ ಸುರಿದವರು ಯಾರು ಸ್ವಾಮಿ?

ಇಬ್ಬರಿಗೆ 200 ಗ್ರಾಂ ಮ್ಯಾಕರೋನಿ, 25 ಗ್ರಾಂ ಬೆಣ್ಣೆ, ಅಷ್ಟೇ ಮೈದಾ, 400 ಮಿ.ಲೀ. ಹಾಲು, 150 ಗ್ರಾಂ ಚೆಡ್ಡರ್ ಚೀಸ್. ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಹಾಲು ಮೊದಲು ಅರ್ಧ ಲೋಟ ಮಾತ್ರ. ಮುದ್ದೆ ಕಟ್ಟುತ್ತೆ, ಗಾಬರಿ ಬೇಡ. ಕದಡಿ ನುಣ್ಣಗಾದ ಮೇಲೆ ಮತ್ತಷ್ಟು. ಐದಾರು ನಿಮಿಷ ಸಣ್ಣಗೆ ಕುದಿಸಿ ಸೌಟಿನ ಬೆನ್ನ ಮೇಲೆ ಬೆರಳಾಡಿಸಿ ನೋಡಿ, ಎಳೆದ ಗೆರೆ ಮುಚ್ಚಿಕೊಳ್ಳದಿದ್ದರೆ ಆಯಿತು. ಈಗ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಚೀಸ್ ಹಾಕಿ. ಕಾವು ಜಾಸ್ತಿಯಾದರೆ ಚೀಸಿನ ಪ್ರೋಟೀನ್ ಬಿಗಿದುಕೊಂಡು ಕೊಬ್ಬನ್ನು ಹಿಂಡಿ ಹೊರಗೆ ಹಾಕುತ್ತೆ. ತರಿಯೂ ಜಿಡ್ಡೂ ಅಲ್ಲಿಂದಲೇ. ತುರಿದದ್ದೇ ಸಿಗುತ್ತಲ್ಲ ಪ್ಯಾಕೆಟ್ಟಲ್ಲಿ, ಅದು ಬೇಡ. ಎಳೆಗಳು ಅಂಟದಿರಲೆಂದು ಹಚ್ಚಿದ ಪಿಷ್ಟದ ಪುಡಿ ಸಾಸನ್ನೂ ಕೆಡಿಸುತ್ತೆ. ಚೀಸಿನ ಗಟ್ಟಿ ತುಂಡನ್ನೇ ತಂದು ತುರಿಯಿರಿ, ಕೈ ಸವೆಯಲ್ಲ.

ಅಂದಹಾಗೆ, ಏನು ಮಾಡ್ಲಿ ಅಂತ ಎಲ್ಲರೂ ಕೇಳ್ತಾರೆ. ಯಾವಾಗ ಬಡಿಸಲಿ ಅಂತ ಒಬ್ಬರೂ ಕೇಳಲ್ಲ. ಸಿನಿಮಾ ಊಟ ಕೆಡೋದು ಒಲೆ ಮೇಲಲ್ಲ, ಸೋಫಾ ಮೇಲೆ. ಸಾಸಿನ ಪಿಷ್ಟ ತಣ್ಣಗಾದಂತೆ ಗಟ್ಟಿಯಾಗುತ್ತೆ, ಮ್ಯಾಕರೋನಿ ಕೂತಲ್ಲೇ ನೀರು ಹೀರುತ್ತಿರುತ್ತೆ. ಬಾಣಲೆಯಲ್ಲಿ ‘ಸರಿಯಾಗಿದೆ’ ಅನ್ನಿಸಿದ್ದು ಹತ್ತು ನಿಮಿಷಕ್ಕೆ ಸಿಮೆಂಟು. ಅದಕ್ಕೇ ಮ್ಯಾಕರೋನಿಯನ್ನು ಪ್ಯಾಕೆಟ್ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ, ಬಸಿದ ನೀರು ಒಂದು ಲೋಟ ಎತ್ತಿಡಿ, ಮ್ಯಾಕರೋನಿಯನ್ನು ಸಾಸಿಗೆ ಹಾಕಿ, ಆ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ ‘ಅಯ್ಯೋ ತೆಳುವಾಯ್ತು’ ಅನ್ನಿಸುವ ಹದಕ್ಕೆ ನಿಲ್ಲಿಸಿ. ಆಳದ ಬಟ್ಟಲಿಗೆ ಬಿಸಿನೀರು ತುಂಬಿ ಎರಡು ನಿಮಿಷ ಬಿಟ್ಟು, ಚೆಲ್ಲಿ, ಒರೆಸಿ, ಆಮೇಲೆ ಬಡಿಸಿ. ಬಟ್ಟಲು ಕೈಗೆ ಬಂದ ಮೇಲೆ ಪ್ಲೇ ಒತ್ತಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಯಬೇಕು.

ಕೊಡಬೇಕಾದ್ದು ಚಮಚ, ಫೋರ್ಕ್ ಅಲ್ಲ. ಸಬ್‌ಟೈಟಲ್ ಇರುವ ಸಿನಿಮಾ ಆದರೆ ಇದು ಕಡ್ಡಾಯ, ಬಟ್ಟಲು ನೋಡಲು ತಲೆ ತಗ್ಗಿಸಿದಾಗಲೆಲ್ಲ ಒಂದು ಸಾಲು ಹೋಯಿತು. ಕತ್ತಲಲ್ಲಿ ಸ್ಪಗೆಟ್ಟಿ ಸುತ್ತಿಸುವುದು ಸ್ನೇಹವಲ್ಲ. ಕರುಕುರು ತಿಂಡಿಯೂ ಬೇಡ, ಪಿಸುಮಾತಿನ ದೃಶ್ಯಕ್ಕೇ ಕಾದು ಕುರುಕುತ್ತಾರೆ. ಹಾಲು ಆಗುತ್ತಾ ಅಂತ ಫ್ರೆಂಡನ್ನು ಬೆಳಿಗ್ಗೆಯೇ ಕೇಳಿ, ಬಡಿಸುವಾಗ ಅಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಸಿನಿಮಾ ಉದ್ದವಿದ್ದರೆ ಮಧ್ಯೆ ಎದ್ದು ಹೋಗಿ. ಮರುದಿನ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಪಾತ್ರೆಗೆ ಮಾತ್ರ ತಣ್ಣೀರು ಹಾಕಿ ನೆನೆಸಿ, ಬಿಸಿನೀರು ಹಾಕಿದರೆ ಸಾಸು ಇನ್ನಷ್ಟು ಕಚ್ಚಿಕೊಳ್ಳುತ್ತೆ. ತೊಳೆಯೋದು ಯಾರು ಅಂತ ನನ್ನ ಕೇಳಬೇಡಿ.